ನೂರ ಇಪ್ಪತ್ತಾರು ಮಾರು

ಅವರ ಅಂಗಿಯ ಎದೆಯ ಮೇಲೆ ಅಡ್ಡಕ್ಕೆ ಒಂದು ಕಪ್ಪು ಪಟ್ಟಿ ಇರುತ್ತಿತ್ತು. ಎಷ್ಟು ಸೋಪು ಹಾಕಿ ಉಜ್ಜಿದರೂ ಹೋಗದ, ಜೇಬಿನ ಅಂಚಿನಿಂದ ಶುರುವಾಗಿ ಆಚೆ ಕಂಕುಳಿನವರೆಗೆ ಹೋಗುವ ಪಟ್ಟಿ. ಕರಿ ಕೇಬಲನ್ನು ಎದೆಗೆ ತಾಗಿಸಿ, ಎರಡೂ ತೋಳು ಚಾಚಿ, ಎಡಗೈ ಬೆರಳ ತುದಿಯಿಂದ ಬಲಗೈ ಬೆರಳ ತುದಿಯವರೆಗೆ ಒಂದು ಮಾರು, ಎರಡು ಮಾರು ಎಂದು ವರ್ಷಗಟ್ಟಲೆ ಅಳೆದ ಗುರುತು ಅದು. ಓಣಂಗೆ ಹೊಸ ಅಂಗಿ ತೊಟ್ಟು ಬಂದ ದಿನವೂ ಊಟದ ಹೊತ್ತಿಗೆ ಪಟ್ಟಿ ತನ್ನ ಜಾಗಕ್ಕೆ ಬಂದು ಕೂತಿರುತ್ತಿತ್ತು.

ಹೂವನ್ನು ಮಾರಿನಲ್ಲಿ ಅಳೆಯುವುದನ್ನು ನೋಡಿ ಬೆಳೆದವಳು ನಾನು. ತುಮಕೂರಿನ ನಮ್ಮ ಬೀದಿಗೆ ಬರುತ್ತಿದ್ದ ಹೂವಾಡಗಿತ್ತಿಯ ಮಾರು ಗಿರಾಕಿಯ ಮುಖ ನೋಡಿ ಉದ್ದವೋ ಗಿಡ್ಡವೋ ಆಗುತ್ತಿತ್ತು. ಕೇಬಲನ್ನು ಹಾಗೆ ಅಳೆಯುವವರನ್ನು ಕಂಡದ್ದು ಕೊಚ್ಚಿಯಲ್ಲೇ ಮೊದಲು. ಎಂಜಿನಿಯರಿಂಗ್ ಮುಗಿಸಿ, ಲ್ಯಾಪ್‌ಟಾಪ್ ಹೆಗಲಿಗೇರಿಸಿಕೊಂಡು, ಎರಡೂವರೆ ಸಾವಿರ ಸೂತ್ರ ಬಾಯಿಪಾಠ ಮಾಡಿಕೊಂಡು ಬಂದ ನನಗೆ ಅದು ನಗುವ ವಿಷಯವಾಗಿ ಕಂಡಿತು. ನಕ್ಕೆ ಕೂಡ.

ಎಲ್ಲರೂ ಅವರನ್ನು ಆಶಾನ್ ಎನ್ನುತ್ತಿದ್ದರು. ಕಸುಬು ಕಲಿಸುವ ಗುರುವಿಗೆ ಮಲಯಾಳದಲ್ಲಿ ಇರುವ ಮಾತು. ನಮ್ಮದು ಗೋದಾಮು, ಕಾರ್ಖಾನೆಗಳಲ್ಲಿ ಸಾಮಾನು ಸಾಗಿಸುವ ಬೆಲ್ಟುಗಳಿಗೆ ವಿದ್ಯುತ್ ಕೆಲಸ ಮಾಡಿಕೊಡುವ ಸಣ್ಣ ಕಂಪನಿ. ಆಫೀಸು ಎರ್ನಾಕುಳಂನಲ್ಲಿ, ಉಗ್ರಾಣ ಏಲೂರಿನಲ್ಲಿ. ಅಲ್ಲಿ ಆಶಾನ್ ಹಿರಿಯ ವೈರಿಂಗ್ ಮೇಸ್ತ್ರಿ. ಹುಟ್ಟಿದ್ದು ಕಾಸರಗೋಡಿನ ಬದಿಯಡ್ಕದ ಹತ್ತಿರ, ಓದಿದ್ದು ಕನ್ನಡ ಶಾಲೆಯಲ್ಲಿ, ಮೀಸೆ ಮೂಡುವ ಹೊತ್ತಿಗೆ ಏಲೂರಿಗೆ ಬಂದವರು. ನಾನು ಸೇರಿದ ದಿನ ನನ್ನ ಹೆಸರು ಕೇಳಿ, ಊರು ಕೇಳಿ, "ಕನ್ನಡದವಳಾ? ಒಳ್ಳೇದಾಯ್ತು ಮಾರಾಯ್ತಿ. ಇನ್ನು ನಂಗೆ ಬೈಲಿಕ್ಕೆ ಸುಲಭ" ಎಂದರು. ಆಡಿದಂತೆ ನಡೆದುಕೊಂಡರು.

ನನ್ನ ಮೊದಲ ಕೆಲಸ ಒಂದು ಬೆಲ್ಟಿನ ಸುರಕ್ಷತಾ ಸ್ವಿಚ್ಚುಗಳಿಗೆ ಎಷ್ಟು ಕೇಬಲ್ ಬೇಕು ಎಂದು ಲೆಕ್ಕ ಹಾಕುವುದು. ಬೆಲ್ಟಿನ ಉದ್ದಕ್ಕೂ ಒಂದು ಹಗ್ಗ ಹೋಗುತ್ತದೆ. ಅಲ್ಲಲ್ಲಿ ಅದಕ್ಕೆ ಸ್ವಿಚ್ಚು. ಯಾರ ಕೈಯೋ ಬಟ್ಟೆಯೋ ಸಿಕ್ಕಿಕೊಂಡರೆ ಹತ್ತಿರದ ಹಗ್ಗ ಎಳೆದರೆ ಸಾಕು, ಬೆಲ್ಟು ನಿಲ್ಲಬೇಕು. ಸ್ವಿಚ್ಚುಗಳನ್ನೆಲ್ಲ ಒಂದೇ ದಾರದಲ್ಲಿ ಪೋಣಿಸಿದ ಹೂವಿನಂತೆ ಒಂದರ ಹಿಂದೆ ಒಂದು ಜೋಡಿಸಿರುತ್ತಾರೆ. ತಂತಿ ಮೊದಲ ಸ್ವಿಚ್ಚಿನಿಂದ ಕೊನೆಯದರವರೆಗೆ ಹೋಗಿ, ಅದೇ ಕೇಬಲಿನೊಳಗೆ ತಿರುಗಿ ಬರುತ್ತದೆ. ಎಲ್ಲಿ ಕಡಿದರೂ ದಾರ ಕಡಿದಂತೆ, ಬೆಲ್ಟು ನಿಂತಿತು. ನಾನು ನಕ್ಷೆ ನೋಡಿ, ಸ್ವಿಚ್ಚಿನಿಂದ ಸ್ವಿಚ್ಚಿಗೆ ದೂರ ಕೂಡಿಸಿ, ಕಂಪ್ಯೂಟರಿನಲ್ಲಿ ಅಂದವಾದ ಪಟ್ಟಿ ಮಾಡಿ ಆಶಾನ್ ಮುಂದೆ ಇಟ್ಟೆ.

ಅವರು ನೋಡಿ, ಪಟ್ಟಿಯನ್ನು ಮಡಚಿ ನನಗೇ ಕೊಟ್ಟರು. "ನಿನ್ನ ಕೇಬಲ್ ಎಂತ, ಕಾಗೆಯಾ? ಹಾರಿಕೊಂಡು ಹೋಗ್ತದಾ? ಕಂಬ ಹತ್ತಬೇಕು, ಇಳಿಯಬೇಕು, ಸ್ವಿಚ್ಚಿನ ಹೊಟ್ಟೆಯೊಳಗೆ ಹೋಗಬೇಕು, ಪುನಃ ಹತ್ತಬೇಕು. ನಾಳೆ ರಿಪೇರಿಗೆ ಬರುವವನಿಗೆ ಅಂತ ಪ್ರತಿಯೊಂದರ ಹತ್ತಿರ ಒಂದು ಸುತ್ತು ಬಿಡಬೇಕು. ಅವನೂ ಒಬ್ಬ ತಾಯಿಯ ಮಗ ಅಲ್ವಾ?"

ನನಗೆ ಸಿಟ್ಟು ಬಂತು. ಅವರು ಉಗ್ರಾಣದಲ್ಲಿ ಮಾರು ಹಾಕಿ ಕತ್ತರಿಸಿದ ಕೇಬಲನ್ನು ನೆಲದ ಮೇಲೆ ಬಿಡಿಸಿ, ಟೇಪು ಹಿಡಿದು ಅಳೆಯುತ್ತೇನೆ ಎಂದೆ. ಕೆಲಸದವರೆಲ್ಲ ಕೈಯಲ್ಲಿದ್ದದ್ದು ಬಿಟ್ಟು ನನ್ನ ಕಡೆ ನೋಡಿದರು. ಆಶಾನ್ ಮಾತ್ರ, "ಅಳೆ ಮಗಳೇ, ಅಳೆ" ಎಂದು ಬೀಡಿ ಹಚ್ಚಿದರು. ಅವರ ಒಂದು ಮಾರು ಒಂದು ಮೀಟರ್ ಎಪ್ಪತ್ತು ಸೆಂಟಿಮೀಟರ್. ಐವತ್ತು ಮಾರಿಗೆ ಎಂಬತ್ತೈದು ಮೀಟರ್ ಬರಬೇಕು. ಬಿಸಿಲಿನಲ್ಲಿ ಮೊಣಕಾಲೂರಿ ಅಳೆದೆ. ಎಂಬತ್ತೈದಕ್ಕೆ ಮೇಲೆ ನಾಲ್ಕು ಬೆರಳು ಹೆಚ್ಚು ಬಂತು. ಎಲ್ಲರೂ ನಕ್ಕರು. ಆಶಾನ್ ನಗಲಿಲ್ಲ, ನನಗೆ ಚಹಾ ತರಿಸಿದರು. ಆಮೇಲೆ ಯಾರೋ ನನಗೆ ಹೇಳಿದರು: ಆಶಾನ್‌ನ ಮಾರಿಗೆ ಟೇಪು ಹಿಡಿಯುವ ವಾಡಿಕೆ ಇಲ್ಲಿಲ್ಲ. ಅಂದಿನಿಂದ ನಾನೂ ಹಿಡಿಯಲಿಲ್ಲ.

ಹಿಡಿಯುವುದು ನನ್ನ ಕೆಲಸವಾಗಿತ್ತು. ಕೇಬಲ್ ಜಾಗಕ್ಕೆ ಬಂದಾಗ ಅಳೆದು ನೋಡಿ, 'ಅಳೆದು ಪರೀಕ್ಷಿಸಲಾಗಿದೆ' ಎಂಬ ಸಾಲಿನ ಮುಂದೆ ಎಂಜಿನಿಯರ್ ಸಹಿ ಹಾಕಬೇಕು. ನಾನು ಅಳೆಯದೆ ಸಹಿ ಹಾಕುತ್ತಿದ್ದೆ. ನನಗಿಂತ ಮೊದಲಿನವರೂ ಹಾಗೇ ಮಾಡಿದ್ದರು. ಗುರುವಿನ ತೋಳಿಗೆ ಟೇಪು ಹಿಡಿಯುವುದೆಂದರೆ ಊಟಕ್ಕೆ ಕರೆದವರ ಮನೆಯಲ್ಲಿ ಅನ್ನ ಬೆಂದಿದೆಯೇ ಎಂದು ಹಿಸುಕಿ ನೋಡಿದ ಹಾಗೆ.

ಅವರಿಂದ ಕಲಿತದ್ದನ್ನು ಯಾವ ಕಾಲೇಜೂ ನನಗೆ ಕಲಿಸಿರಲಿಲ್ಲ. ಅಳೆಯುವಾಗ ಮಾತಾಡಬಾರದು. ಕೇಬಲನ್ನು ಎಳೆದು ಬಿಗಿ ಮಾಡಬಾರದು, "ಉಸಿರಾಡ್ಲಿಕ್ಕೆ ಬಿಡು ಅದನ್ನು." ಸ್ವಿಚ್ಚು ಜೋಡಿಸಿದ ಮೇಲೆ ಪ್ರತಿಯೊಂದನ್ನೂ ಸ್ವತಃ ಎಳೆದು ಬೆಲ್ಟು ನಿಲ್ಲಿಸಿ ನೋಡಬೇಕು, ಹನ್ನೆರಡು ಸರಿ ಇದ್ದರೆ ಹದಿಮೂರನೆಯದೂ ಸರಿ ಇರುತ್ತದೆ ಎಂದುಕೊಳ್ಳಬಾರದು. ಎಲ್ಲಕ್ಕಿಂತ ದೊಡ್ಡದು: ಸುರಕ್ಷತೆಯ ಕೇಬಲಿಗೆ ನಡುವೆ ಗಂಟಿಲ್ಲ, ಎರಡು ತುಂಡು ಸೇರಿಸುವಂತಿಲ್ಲ. ಕಡಿಮೆ ಬಿದ್ದರೆ ಇಡೀ ತುಂಡು ಬದಲಿಸಬೇಕು. ಒಮ್ಮೆ ನಾನು ಅರ್ಧ ಮಾರು ಕಡಿಮೆ ಬಿತ್ತೆಂದು ಗಂಟು ಹಾಕಿಸಿದ್ದಕ್ಕೆ, ತಮ್ಮ ಕೈಯಾರೆ ಅದನ್ನು ಕತ್ತರಿಸಿ ನನ್ನ ಅಂಗೈಯಲ್ಲಿಟ್ಟು, "ಇದನ್ನು ಮನೆಗೆ ತಗೊಂಡು ಹೋಗು. ರಾತ್ರೆ ನಿದ್ದೆ ಬರ್ತದಾ ನೋಡು" ಎಂದಿದ್ದರು. ನಿದ್ದೆ ಚೆನ್ನಾಗಿಯೇ ಬಂತು. ಆಗ ನನಗೆ ಇಪ್ಪತ್ತನಾಲ್ಕು ವರ್ಷ.

ಮೂರನೆಯ ವರ್ಷ ವಿಲ್ಲಿಂಗ್ಡನ್ ಐಲ್ಯಾಂಡಿನ ಒಂದು ಧಾನ್ಯದ ಗೋದಾಮಿನ ಕೆಲಸ ಬಂತು. ಉದ್ದನೆಯ ಬೆಲ್ಟು, ಹದಿಮೂರು ಸ್ವಿಚ್ಚು. ಈ ಸಲ ಲೆಕ್ಕ ನಾನೇ ಹಾಕಿದೆ. ಹತ್ತುವುದು, ಇಳಿಯುವುದು, ಸ್ವಿಚ್ಚಿನ ಹೊಟ್ಟೆ, ರಿಪೇರಿಯವನ ಸುತ್ತು, ಏನೂ ಬಿಡಲಿಲ್ಲ. ಇನ್ನೂರ ಹದಿನಾಲ್ಕು ಮೀಟರ್ ಬಂತು. ಆಶಾನ್ ದಾರಿಯುದ್ದಕ್ಕೂ ಒಮ್ಮೆ ನಡೆದು ನೋಡಿ, ಕಣ್ಣು ಕಿರಿದು ಮಾಡಿ, "ನೂರ ಇಪ್ಪತ್ತಾರು ಮಾರು" ಎಂದರು. ಗುಣಿಸಿದೆ, ಇನ್ನೂರ ಹದಿನಾಲ್ಕೇ. ಖುಷಿಯಿಂದ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. "ಈಗ ನಿನ್ನ ಕಾಗೆ ನಡೀಲಿಕ್ಕೆ ಕಲಿತಿತು" ಎಂದರು. ಅದಕ್ಕಿಂತ ದೊಡ್ಡ ಪದವಿ ನನಗೆ ಯಾರೂ ಕೊಟ್ಟಿಲ್ಲ.

ಕೇಬಲನ್ನು ಅವರು ಏಲೂರಿನಲ್ಲಿ ಅಳೆದು ಕತ್ತರಿಸಿ ತಂದರು. ನಾನು ಸುರುಳಿ ನೋಡಿದೆ, ಸಹಿ ಹಾಕಿದೆ.

ಆ ದಿನಗಳಲ್ಲಿ ಅವರು ಎಡಗೈಯಲ್ಲಿ ತಲೆ ಬಾಚಿಕೊಳ್ಳುತ್ತಿದ್ದರು. ಊಟದ ಚೀಲವನ್ನು ಎತ್ತರದ ಮೊಳೆಗೆ ಸಿಕ್ಕಿಸುವುದನ್ನು ಬಿಟ್ಟು ಬೆಂಚಿನ ಮೇಲೆ ಇಡುತ್ತಿದ್ದರು. ಐಲ್ಯಾಂಡಿಗೆ ಹೋಗುವ ಬೋಟಿನಲ್ಲಿ ನಿಂತಾಗ ಮೇಲಿನ ಕಂಬಿ ಹಿಡಿಯದೆ ಪಕ್ಕದ ಕಂಬಕ್ಕೆ ಒರಗುತ್ತಿದ್ದರು. ಇದೆಲ್ಲ ನನ್ನ ಕಣ್ಣೆದುರೇ ನಡೆಯಿತು. ಕಣ್ಣಿದ್ದೂ ಕುರುಡಿ ಎಂದು ನನ್ನನ್ನು ನಾನು ಆಮೇಲೆ ಬೈದುಕೊಂಡದ್ದಕ್ಕೆ ಲೆಕ್ಕವಿಲ್ಲ.

ಗೋದಾಮು ಒಪ್ಪಿಸುವ ದಿನ ಹದಿಮೂರು ಸ್ವಿಚ್ಚನ್ನೂ ಒಂದೊಂದಾಗಿ ಎಳೆದು ನೋಡಿದೆವು. ಹದಿಮೂರು ಸಲ ಬೆಲ್ಟು ನಿಂತಿತು. ಆಶಾನ್ ಅಂದು ಮಾತೇ ಆಡಲಿಲ್ಲ. ಆಯಾಸ ಇರಬೇಕು ಎಂದುಕೊಂಡೆ.

ಎರಡು ತಿಂಗಳ ಮೇಲೆ, ಮಳೆಗಾಲ ಹಿಡಿದ ಮೊದಲ ವಾರದಲ್ಲಿ ಫೋನು ಬಂತು. ಬೆಲ್ಟಿನ ಬಾಲದ ತುದಿಯಲ್ಲಿ ಚೆಲ್ಲಿದ ಧಾನ್ಯ ಗುಡಿಸುತ್ತಿದ್ದ ಒಬ್ಬ ಒಡಿಶಾದ ಕಾರ್ಮಿಕನ ಕೈಗವಸು ಉರುಳೆಗೆ ಸಿಕ್ಕಿತು. ಅವನು ಅಲ್ಲೇ ಇದ್ದ ಹದಿಮೂರನೆಯ ಸ್ವಿಚ್ಚಿನ ಹಗ್ಗ ಎಳೆದ. ಬೆಲ್ಟು ನಿಲ್ಲಲಿಲ್ಲ. ಅವನ ಕೂಗು ಕೇಳಿ ಇಪ್ಪತ್ತು ಹೆಜ್ಜೆ ದೂರದಲ್ಲಿದ್ದ ಇನ್ನೊಬ್ಬ ಓಡಿಬಂದು ಹನ್ನೆರಡನೆಯ ಸ್ವಿಚ್ಚು ಎಳೆದ, ಆಗ ನಿಂತಿತು. ಅಷ್ಟರಲ್ಲಿ ಬಲಗೈ ಎರಡು ಕಡೆ ಮುರಿದಿತ್ತು, ಹೆಬ್ಬೆರಳಿನ ಬುಡ ಜಜ್ಜಿಹೋಗಿತ್ತು.

ಗೋದಾಮಿನವರು ಅವನು ಹಗ್ಗ ಎಳೆಯಲೇ ಇಲ್ಲ ಎಂದರು. ಹಗ್ಗ ಎಳೆದರೆ ಕೆಳಗೆ ಬೀಳುವ ಹಿಡಿ ಕೊನೆಯ ಸ್ವಿಚ್ಚಿನಲ್ಲಿ ಬಿದ್ದಿತ್ತಲ್ಲ ಎಂದರೆ, ಅದನ್ನು ಆಮೇಲೆ ಯಾರೋ ಎಳೆದದ್ದು ಎಂದರು. ನಮ್ಮ ಮ್ಯಾನೇಜರಿಗೂ ಅದೇ ಅನುಕೂಲ. ಮಲಯಾಳ ನೆಟ್ಟಗೆ ಬಾರದ, ಕೈಗೆ ಪಟ್ಟಿ ಕಟ್ಟಿಕೊಂಡು ಆಸ್ಪತ್ರೆಯಲ್ಲಿ ಮಲಗಿರುವವನ ತಲೆಗೆ ತಪ್ಪು ಕಟ್ಟುವುದು ಎಷ್ಟು ಹೊತ್ತಿನ ಕೆಲಸ? ವಿಚಾರಣೆ ಸೋಮವಾರ ಎಂದಾಯಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನಾನು ನನ್ನ ಸಹಿಯ ಹಾಳೆಯನ್ನು ತೆಗೆದು ನೋಡಿಕೊಂಡೆ.

ಶನಿವಾರ ಆಶಾನ್ ಮತ್ತು ನಾನು ಗೋದಾಮಿಗೆ ಹೋದೆವು. ನನ್ನನ್ನು ಕೆಳಗೆ ನಿಲ್ಲಿಸಿ ಅವರೊಬ್ಬರೇ ಏಣಿ ಹತ್ತಿದರು, ಒಂದೇ ಕೈಯಲ್ಲಿ ಹಿಡಿದುಕೊಂಡು, ಮೆಟ್ಟಿಲು ಮೆಟ್ಟಿಲಿಗೆ ನಿಂತು. ಇಳಿದು ಬಂದಾಗ ಜೇಬು ಉಬ್ಬಿತ್ತು. ಎರ್ನಾಕುಳಂಗೆ ಮರಳುವ ಬೋಟಿನಲ್ಲಿ ಕೂತ ಮೇಲೆ ಅದನ್ನು ತೆಗೆದು ತಮ್ಮ ಮೊಣಕಾಲ ಮೇಲೆ ಇಟ್ಟರು. ಕೇಬಲಿನ ಒಂದು ಗಂಟು. ಸುತ್ತಿದ ಟೇಪಿನೊಳಗೆ ನೀರು ಸೇರಿ ತಾಮ್ರ ಹಸಿರುಗಟ್ಟಿತ್ತು. ಹೋಗುವ ತಂತಿಯೂ ಬರುವ ತಂತಿಯೂ ಒಂದಕ್ಕೊಂದು ಅಂಟಿಕೊಂಡಿದ್ದವು.

"ನಂದೇ" ಎಂದರು.

ನನಗೆ ಅರ್ಥವಾಗಲು ಒಂದು ಕ್ಷಣವೂ ಬೇಕಾಗಲಿಲ್ಲ. ಗಂಟಿದ್ದದ್ದು ಹನ್ನೆರಡನೆಯ ಸ್ವಿಚ್ಚಿಗೂ ಹದಿಮೂರನೆಯದಕ್ಕೂ ನಡುವೆ. ತಂತಿಗಳು ಅಲ್ಲೇ ಮುಟ್ಟಿ ಕರೆಂಟು ತಿರುಗಿಬಿಟ್ಟರೆ ಕೊನೆಯ ಸ್ವಿಚ್ಚು ಆಟಕ್ಕುಂಟು, ಲೆಕ್ಕಕ್ಕಿಲ್ಲ. ಅವನು ಹಗ್ಗ ಎಳೆದಿದ್ದ. ಎಷ್ಟು ಎಳೆದರೂ ಒಂದೇ ಆಗಿತ್ತು.

"ಗಂಟು ಯಾಕೆ ಹಾಕಿದ್ರಿ ಆಶಾನೇ? ನೀವು!" ಎಂದೆ.

ಅವರು ಎದ್ದು ನಿಂತು ಎರಡೂ ತೋಳು ಚಾಚಿದರು. ಬೋಟಿನಲ್ಲಿದ್ದವರು ನೋಡಿದರು. ಎಡಗೈ ನೇರ ಹೋಯಿತು. ಬಲಗೈ ಹೆಗಲ ಮಟ್ಟಕ್ಕೂ ಬರದೆ, ಮೊಣಕೈಯಲ್ಲಿ ಬಗ್ಗಿ, ಅಲ್ಲೇ ನಿಂತಿತು.

"ಭುಜ ಹಿಡಿದು ಏಳೆಂಟು ತಿಂಗಳಾಯ್ತು. ಎಣ್ಣೆ ಹಚ್ಚಿದೆ, ಸರಿ ಆಗ್ತದೆ ಅಂತ ಮಾಡಿದೆ. ನನ್ನ ಮಾರು ಸಣ್ಣದಾದದ್ದು ನಂಗೇ ಗೊತ್ತಾಗ್ಲಿಲ್ಲ ಮಗಳೇ. ಕೊನೆಗೆ ಹೋಗಿ ನೋಡಿದ್ರೆ ಏಳು ಮಾರು ಕಡಿಮೆ. ಏಳು ಮಾರು! ಬೇರೆ ತರಿಸಿದ್ರೆ ಯಾಕೆ ಕಡಿಮೆ ಬಿತ್ತು ಅಂತ ಕೇಳ್ತಾರೆ. ಟೇಪು ತರ್ತಾರೆ. ಮರುದಿನ ಒಪ್ಪಿಸ್ಲಿಕ್ಕುಂಟು. ಚೀಲದಲ್ಲಿ ಹಳೇ ತುಂಡು ಇತ್ತು." ಕೂತುಕೊಂಡರು. "ನಾಚಿಕೆ ಆಯ್ತು. ಅಷ್ಟೇ. ಬೇರೆ ಎಂತದೂ ಅಲ್ಲ."

ಆಗ ನಾನು ಆಡಿದ ಮಾತನ್ನು ಇಷ್ಟು ವರ್ಷ ಯಾರಿಗೂ ಹೇಳಿಲ್ಲ. "ಹೇಳ್ಬೇಡಿ ಆಶಾನೇ. ಗಂಟನ್ನ ನೀರಿಗೆ ಹಾಕ್ಬಿಡಿ. ಅಳೆದಿದ್ದೀನಿ ಅಂತ ನನ್ನ ಸಹಿ ಇದೆ. ನಾನೂ ಹೋಗ್ತೀನಿ, ನೀವೂ ಹೋಗ್ತೀರಿ" ಎಂದೆ. ಹಿನ್ನೀರು ಕೈಗೆಟಕುವಷ್ಟು ಹತ್ತಿರದಲ್ಲಿತ್ತು. ಅವರು ಹಾಕಿದ್ದರೆ ಆ ಕ್ಷಣಕ್ಕೆ ನನಗೆ ಸಂತೋಷವೇ ಆಗುತ್ತಿತ್ತು. ಇದು ನಿಜ.

ಬೋಟು ಜೆಟ್ಟಿ ಮುಟ್ಟಿತು. ಅವರು ಇಳಿಯುವಾಗ ಗಂಟನ್ನು ಕರವಸ್ತ್ರದಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡು, "ಅವ ಹಗ್ಗ ಎಳೆದಿದ್ದಾನೆ. ಎಳೀಲಿಲ್ಲ ಅಂತ ಬರೀತಾರೆ. ಕೈಯೂ ಹೋಯ್ತು, ಮಾತೂ ಹೋಗ್ಬೇಕಾ ಅವನದ್ದು?" ಎಂದರು.

ಸೋಮವಾರ ವಿಚಾರಣೆಯ ಮೇಜಿನ ಮೇಲೆ ಕರವಸ್ತ್ರ ಬಿಚ್ಚಿದರು. ಮಲಯಾಳದಲ್ಲಿ, ಒಂದೊಂದೇ ಮಾತು ಅಳೆದು ಹೇಳಿದರು: ಕೇಬಲ್ ಕತ್ತರಿಸಿದ್ದು ನಾನು, ಕಡಿಮೆ ಬಿದ್ದದ್ದು ನನ್ನಿಂದ, ಗಂಟು ಹಾಕಿ ಮುಚ್ಚಿಟ್ಟದ್ದು ನಾನು, ಆ ಹುಡುಗ ಹಗ್ಗ ಎಳೆದದ್ದು ನಿಜ. ಮ್ಯಾನೇಜರ್ ನನ್ನ ಕಡೆ ತಿರುಗಿ, ಇದರಲ್ಲಿ ನಿಮ್ಮ ಸಹಿ ಇದೆಯಲ್ಲ, ಅಳೆದಿದ್ದಿರಾ ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಆಶಾನ್ ಹೇಳಿದರು, "ಟೇಪು ತಂದಿದ್ದಳು. ನಾನೇ ಬಿಡಲಿಲ್ಲ. ನನ್ನ ಮಾರಿಗೆ ಟೇಪು ಹಿಡಿಯುತ್ತೀಯಾ ಎಂದು ಗದರಿಸಿ ಸಹಿ ಹಾಕಿಸಿದೆ."

ಸುಳ್ಳು. ಅಂದು ನನ್ನ ಟೇಪು ಚೀಲದಿಂದ ಹೊರಗೇ ಬಂದಿರಲಿಲ್ಲ. ಇಲ್ಲ ಎನ್ನಲು ನನಗೆ ಇಡೀ ಅರ್ಧ ಗಂಟೆ ಇತ್ತು. ತಲೆ ತಗ್ಗಿಸಿ ಕೂತೆ. ತಗ್ಗಿಸಿದ ತಲೆಯನ್ನು ಅವರೆಲ್ಲ ಹೌದು ಎಂದು ಓದಿಕೊಂಡರು. ನನಗೆ ಎಚ್ಚರಿಕೆಯ ಪತ್ರ ಸಿಕ್ಕಿತು. ಆಶಾನ್‌ಗೆ ನಾಳೆಯಿಂದ ಬರಬೇಡಿ ಎಂದರು. ಹೋಗುವಾಗ ಅವರು ಉಗ್ರಾಣದ ಬಾಗಿಲಲ್ಲಿ ನಿಂತು, ಚಪ್ಪಲಿ ಬಿಟ್ಟು, ಹೊಸ್ತಿಲು ಮುಟ್ಟಿ ಕಣ್ಣಿಗೊತ್ತಿಕೊಂಡರು. ಅದನ್ನೂ ಎಡಗೈಯಲ್ಲೇ ಮಾಡಿದರು.

ಮುಂದೆ ಅವರು ಹೆಂಡತಿಯನ್ನು ಕರೆದುಕೊಂಡು ತಿರುವನಂತಪುರದಲ್ಲಿ ಮಗಳ ಮನೆಗೆ ಹೋದರು. ನಾನು ಬೇರೆ ಕಂಪನಿ ಸೇರಿದೆ. ಅಲ್ಲೇ ಹತ್ತಿರದ ವಿಳಿಂಜಂ ಬಂದರಿನ ಕಡೆ ಕೆಲಸವಿದ್ದಾಗಲೆಲ್ಲ ಹೋಗಿ ನೋಡಬಹುದಿತ್ತು. ನಾಲ್ಕು ವರ್ಷದಲ್ಲಿ ಮೂರು ಸಲ ಹೋದೆ. ಹೋದಾಗ ಕೆಲಸದ ಸುದ್ದಿ ಕೇಳುತ್ತಿದ್ದರು, ಮೊಮ್ಮಗಳಿಗೆ ಕನ್ನಡದಲ್ಲಿ ನೀರು ತರಲು ಹೇಳುತ್ತಿದ್ದರು, ಅವಳು ಮಲಯಾಳದಲ್ಲಿ "ದಾ, ಅಪ್ಪೂಪ್ಪಾ", ತಗೋ ಅಜ್ಜ, ಎನ್ನುತ್ತ ತಂದುಕೊಡುತ್ತಿದ್ದಳು. "ನೋಡು, ಕೇಳುದು ಕೇಳ್ತದೆ. ತಿರುಗಿ ಬರುವ ತಂತಿ ಮಾತ್ರ ಬೇರೆ" ಎಂದು ನಗುತ್ತಿದ್ದರು. ಬೋಟಿನ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಕೊನೆಯ ಸಲ ನೋಡಿದ್ದು ಅಲ್ಲಿಯ ಆಸ್ಪತ್ರೆಯಲ್ಲಿ. ಹೊಟ್ಟೆಯ ಕಾಯಿಲೆ ಎಂದಿದ್ದಳು ಮಗಳು, ಹೆಸರು ಹೇಳಿರಲಿಲ್ಲ. ಬಿಳಿ ಆಸ್ಪತ್ರೆ ಅಂಗಿಯ ಮೇಲೆ ಪಟ್ಟಿಯಿಲ್ಲದ ಅವರನ್ನು ನೋಡಿ ಒಂದು ಗಳಿಗೆ ಗುರುತೇ ಸಿಗಲಿಲ್ಲ. ಮಗಳು ಔಷಧಿ ತರಲು ಹೋದಾಗ ನನ್ನ ಕೈ ಹಿಡಿದುಕೊಂಡು ಕೇಳಿದರು, "ಆ ಹುಡುಗನ ಕೈ ಹೇಗುಂಟು?"

ನನಗೆ ಗೊತ್ತಿರಲಿಲ್ಲ. ಅವನು ಆಸ್ಪತ್ರೆಯಿಂದ ಬಿಡುಗಡೆಯಾದನಂತೆ ಎಂದು ಕೇಳಿದ್ದೆ, ಅಷ್ಟೇ. ನಾಲ್ಕು ವರ್ಷದಲ್ಲಿ ಒಮ್ಮೆಯೂ ವಿಚಾರಿಸಿರಲಿಲ್ಲ. ವಿಚಾರಿಸಲು ಧೈರ್ಯವಿರಲಿಲ್ಲ ಎಂದರೆ ಸರಿಯಾದೀತು. ಸಾಯುವ ಮನುಷ್ಯನಿಗೆ ನೆಮ್ಮದಿಯಾಗಲಿ ಎಂದು, "ಪೂರ್ತಿ ಸರಿಹೋಗಿದೆ ಆಶಾನೇ. ಮೊದಲಿನ ಹಾಗೇ ಕೆಲಸ ಮಾಡ್ತಾನಂತೆ" ಎಂದೆ.

ಅವರು ನನ್ನನ್ನು ಸ್ವಲ್ಪ ಹೊತ್ತು ನೋಡಿದರು. "ಒಳ್ಳೇದಾಯ್ತು ಮಗಳೇ" ಎಂದು ಕಣ್ಣು ಮುಚ್ಚಿದರು. ಹಿಡಿದ ಕೈ ಬಿಡಲಿಲ್ಲ. ಹನ್ನೊಂದು ದಿನಕ್ಕೆ ಹೋಗಿಬಿಟ್ಟರು.

ತಿಥಿಯ ಊಟ ಮಾಡಿ ರೈಲು ಹತ್ತಿದವಳಿಗೆ ದಾರಿಯುದ್ದಕ್ಕೂ ಆ ಸುಳ್ಳೇ ನೆನಪಾಯಿತು. ಅದನ್ನು ನಿಜ ಮಾಡಿಕೊಳ್ಳೋಣ ಎಂಬ ಆಸೆಯಿಂದಲೇ ನಾನು ಅವನನ್ನು ಹುಡುಕಿದ್ದು. ಗೋದಾಮಿನ ಹಳಬರನ್ನು ಕೇಳಿ ಕೇಳಿ, ಪೆರುಂಬಾವೂರಿನ ಒಂದು ಪ್ಲೈವುಡ್ ಮಿಲ್ಲಿನ ಗೇಟಿಗೆ ಹೋದೆ. ಅಲ್ಲಿ ಅವನು ಕಾವಲುಗಾರ. ಲಾರಿಯ ಚೀಟಿ ಬರೆಯುತ್ತಿದ್ದ, ಪೆನ್ನನ್ನು ತೋರುಬೆರಳಿಗೂ ನಡುಬೆರಳಿಗೂ ನಡುವೆ ಸಿಕ್ಕಿಸಿಕೊಂಡು. ಹೆಬ್ಬೆರಳು ನೆಟ್ಟಗೆ ಪಕ್ಕಕ್ಕೆ ನಿಂತಿತ್ತು.

ನಾನು ಯಾರು, ಏನು ಮಾಡಬೇಕಿತ್ತು, ಏನು ಮಾಡಲಿಲ್ಲ ಎಂದು ಗೊತ್ತಿದ್ದ ಮಲಯಾಳದಲ್ಲಿ ಹೇಳಿದೆ. ಟೇಪು ಚೀಲದಿಂದ ತೆಗೆದೇ ಇರಲಿಲ್ಲ ಎಂಬುದನ್ನೂ ಹೇಳಿದೆ. ಅವನು ಮುರಿದ ಮಲಯಾಳದಲ್ಲಿ, ಸಿಟ್ಟೂ ಇಲ್ಲದೆ ಸಮಾಧಾನವೂ ಇಲ್ಲದೆ, "ಗೊತ್ತು ಮೇಡಂ. ನಾನು ಹಗ್ಗ ಎಳೆದಿದ್ದೆ" ಎಂದ. ಆಶಾನ್ ತೀರಿಕೊಂಡರು ಎಂದಾಗ ಮಾತ್ರ ಪೆನ್ನು ಕೆಳಗಿಟ್ಟ.

"ತಿಂಗಳಿಗೊಮ್ಮೆ ಬರುತ್ತಿದ್ದರು" ಎಂದ. "ತಿರುವನಂತಪುರದಿಂದ ರೈಲಿನಲ್ಲಿ. ಕಾಯಿಲೆ ಬೀಳುವವರೆಗೂ. ಎಣ್ಣೆ ತರುತ್ತಿದ್ದರು, ಅವರೇ ಹಚ್ಚುತ್ತಿದ್ದರು. ಆಮೇಲೆ ಮಡಚು ನೋಡೋಣ ಅನ್ನುತ್ತಿದ್ದರು." ಹೆಬ್ಬೆರಳನ್ನು ನನ್ನ ಮುಂದೆ ಹಿಡಿದ. "ಮಡಚಲಿಕ್ಕೆ ಆಗುವುದಿಲ್ಲ. ಅವರಿಗೆ ಗೊತ್ತಿತ್ತು."

ಮಿಲ್ಲಿನ ಗೇಟಿನಲ್ಲಿ ಲಾರಿಯೊಂದು ಹಾರ್ನ್ ಹೊಡೆಯುತ್ತಿತ್ತು. ಅವನು ಚೀಟಿ ಕೊಡಲು ಎದ್ದು ಹೋದ. ನಾನು ಅವನ ಪ್ಲಾಸ್ಟಿಕ್ ಸ್ಟೂಲಿನ ಪಕ್ಕದಲ್ಲಿ ನಿಂತು ಅತ್ತೆ, ನಾಚಿಕೆಯಿಲ್ಲದೆ.

ಈಗ ನಾನು ಬಂದ ಪ್ರತಿ ಕೇಬಲಿಗೂ ಟೇಪು ಹಿಡಿಯುತ್ತೇನೆ. ಮೇಸ್ತ್ರಿಗಳು ಮುಖ ಸಿಂಡರಿಸುತ್ತಾರೆ; ಸಿಂಡರಿಸಲಿ. ನನ್ನ ಲೆಕ್ಕವೂ ಅವರ ಲೆಕ್ಕವೂ ಕೂಡಿಬಂದರಂತೂ ಇನ್ನೊಂದು ಸಲ ಅಳೆಸುತ್ತೇನೆ. ಆದರೂ ಆಸ್ಪತ್ರೆಯ ಆ ಮಧ್ಯಾಹ್ನ ಬಿಟ್ಟುಹೋಗುವುದಿಲ್ಲ. ಅವನ ಹೆಬ್ಬೆರಳಿಗೆ ತಿಂಗಳು ತಿಂಗಳು ಎಣ್ಣೆ ಹಚ್ಚಿದ ಕೈಯಲ್ಲೇ ನನ್ನ ಕೈ ಹಿಡಿದುಕೊಂಡು ಅವರು ಕೇಳಿದ್ದರು. ನಾನು ಹೇಳಿದ್ದು ನಿಜಕ್ಕೆ ಎಷ್ಟು ಕಡಿಮೆ ಬಿತ್ತು ಎಂದು ಅವರಿಗೆ ಗೊತ್ತಿತ್ತು. ನನ್ನ ಮಾತಿಗೆ ಅವರು ಟೇಪು ಹಿಡಿಯಲಿಲ್ಲ.